ಎದೆಬಡಿತ ಬರೆಯುವ ಪೆಟ್ಟಿಗೆ

ಕಲಘಟಗಿ ಎಂದೊಡನೆ ಧಾರವಾಡ ಸೀಮೆಯವರ ಕಣ್ಣಮುಂದೆ ಬಂದು ನಿಲ್ಲುವುದು ತೊಟ್ಟಿಲು. ಸಾಗುವಾನಿಯ ಗಟ್ಟಿ ಹಲಗೆ, ಅದರ ಮೇಲೆ ಅರಗಿನ ಬಣ್ಣದ ಹೊಳಪು, ನಾಲ್ಕೂ ಮಗ್ಗುಲಿಗೆ ರಾಮಾಯಣ ಮಹಾಭಾರತಗಳ ಕಥೆ ಹೇಳುವ ಚಿತ್ರಗಳು. ಅಜ್ಜ ಮಲಗಿ ಬೆಳೆದ ತೊಟ್ಟಿಲಲ್ಲೇ ಮೊಮ್ಮಗನನ್ನೂ ಹಾಕಿ ತೂಗುವ ಮನೆಗಳು ಈ ಭಾಗದಲ್ಲಿ ಉಂಟು. ತಲೆಮಾರುಗಳು ಕಳೆದರೂ ಕೀಲು ಸಡಿಲದ ಆ ತೊಟ್ಟಿಲಿನ ಖ್ಯಾತಿ ದೊಡ್ಡದು. ಆದರೆ ಅದರಲ್ಲಿ ಮಲಗಿದವನ ಎದೆಯೊಳಗೆ, ತಾಯಿಯ ಕೈ ನಿಂತ ಮೇಲೂ ನಿಲ್ಲದೆ ತೂಗುತ್ತಿರುವ ಇನ್ನೊಂದು ತೊಟ್ಟಿಲು ಉಂಟಷ್ಟೆ? ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವ ಆ ಗುಂಡಿಗೆಯ ಕೀಲು ಯಾವ ಗಳಿಗೆಯಲ್ಲಿ ಸಡಿಲವಾದೀತೆಂದು ಮುಂಚಿತವಾಗಿ ಹೇಳಬಲ್ಲ ಬಡಿಗ ಯಾವ ಊರಿನಲ್ಲೂ ಇಲ್ಲ.

ಸಡಿಲವಾದದ್ದನ್ನು ಆ ಕ್ಷಣದಲ್ಲೇ ತೋರಿಸಿಕೊಡಬಲ್ಲ ಒಂದು ಪೆಟ್ಟಿಗೆ ಮಾತ್ರ ಇದೆ. ಅದರ ಹೆಸರು ಇ.ಸಿ.ಜಿ. ಯಂತ್ರ.

ಕಲಘಟಗಿಯಿಂದ ಹುಬ್ಬಳ್ಳಿಗೆ ಸುಮಾರು 30 ಕಿಲೋಮೀಟರು ದಾರಿ. ಕಾರವಾರದ ಕಡೆಯಿಂದ ಘಟ್ಟವೇರಿ, ಯಲ್ಲಾಪುರವನ್ನು ದಾಟಿ ಬರುವ ಲಾರಿಗಳು ಸಾಗುವುದು ಈ ಹಾದಿಯಲ್ಲೇ. ಹಗಲು ಹೊತ್ತಿನಲ್ಲಿ ಇದೊಂದು ದೂರವೇ ಅಲ್ಲ. ಕಾಲೇಜಿಗೆ, ಕಚೇರಿಗೆ, ಬಟ್ಟೆ ಬಂಗಾರದ ಪೇಟೆಗೆ ಜನ ದಿನವೂ ಹೋಗಿ ಬರುತ್ತಾರೆ. ನಡುರಾತ್ರಿ ಎದೆ ಹಿಡಿದುಕೊಂಡು ಕುಳಿತವನಿಗೆ ಮಾತ್ರ ಅದೇ ದಾರಿ ಕಾಶಿಯಷ್ಟು ದೂರ. ದೇವಿಕೊಪ್ಪದ ಕಾಡಂಚಿನಲ್ಲೋ, ತಂಬೂರಿನ ಆಚೆಯ ಹೊಲಮನೆಯಲ್ಲೋ ಇರುವವನಿಗಂತೂ ಮೊದಲು ವಾಹನ ಸಿಗಬೇಕು, ಆಮೇಲೆ ದಾರಿಯ ಮಾತು.

ಇಂಥ ರಾತ್ರಿಗಳ ಕಥೆ ಎಲ್ಲ ಮನೆಗಳಲ್ಲೂ ಒಂದೇ ತೆರನಾದುದು. ಹಿರಿಯರು ಎದ್ದು ಕುಳಿತು, "ಯಾಕೋ ಎದಿ ಹಿಡದಂಗ ಆಗೈತಿ" ಎನ್ನುತ್ತಾರೆ. "ಸಂಜಿಗೆ ಮಿರ್ಚಿ ಭಜಿ ತಿಂದಿದ್ರಿ, ವಾಯು ಆಗಿರಬೇಕು" ಎಂದು ಮನೆಯಾಕೆ ಬಿಸಿನೀರಿಗೆ ಓಮ ಹಾಕುತ್ತಾಳೆ. ಸೋಡಾ ತರಿಸುವವರುಂಟು, ಬೆನ್ನು ತಿಕ್ಕುವವರುಂಟು. "ಬೆಳಗಾಗಲಿ, ನೋಡೂಣು" ಎಂಬ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ. ಎಷ್ಟೋ ಸಲ ಅದು ನಿಜವಾಗಿಯೂ ವಾಯುವೇ ಆಗಿರುತ್ತದೆ, ಅಪಾಯವಿರುವುದೇ ಅಲ್ಲಿ. ನೋವು ಹೊಟ್ಟೆಯದೋ ಗುಂಡಿಗೆಯದೋ ಎಂಬುದನ್ನು ಬರಿಗಣ್ಣಿನಿಂದ ನಿರ್ಧರಿಸಲು ಅನುಭವಿ ವೈದ್ಯರಿಗೂ ಆಗದು. ಇತ್ತ ರಕ್ತನಾಳ ಪೂರ್ತಿ ಕಟ್ಟಿಕೊಂಡಿದ್ದರೆ ಅರ್ಧ ತಾಸಿನೊಳಗೇ ಹೃದಯದ ಸ್ನಾಯು ಸಾಯಲು ಆರಂಭಿಸುತ್ತದೆ. ಸತ್ತ ಸ್ನಾಯು ಮರಳಿ ಬೆಳೆಯುವುದಿಲ್ಲ. ಕಟ್ಟಿದ ರಕ್ತವನ್ನು ಕರಗಿಸುವ ಔಷಧವೇನೋ ಇದೆ. ಮೊದಲ ತಾಸಿನಲ್ಲಿ ಕೊಟ್ಟರೆ ಅದು ಸಂಜೀವಿನಿ, ಹನ್ನೆರಡನೆಯ ತಾಸಿನಲ್ಲಿ ಕೊಟ್ಟರೆ ಬಹುಮಟ್ಟಿಗೆ ಸಮಾಧಾನ. ಹಾಗೆಂದು ಎದೆನೋವು ಎಂದವರಿಗೆಲ್ಲ ಅದನ್ನು ಚುಚ್ಚುವಂತಿಲ್ಲ. ಅಗತ್ಯವಿಲ್ಲದವರಿಗೆ ಕೊಟ್ಟರೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯವುಂಟು. ಹೀಗಾಗಿ ಕೊಡಬೇಕೋ ಬೇಡವೋ ಎಂಬ ತೀರ್ಪು ಒಂದು ಕಾಗದದ ಪಟ್ಟಿಯ ಮೇಲಿನ ಗೆರೆಯನ್ನು ಅವಲಂಬಿಸಿದೆ.

ಆ ಗೆರೆಯನ್ನು ಬರೆಯುವ ಯಂತ್ರ ರೋಗಿಯ ಬಳಿಗೆ ಹೋಗಬೇಕೇ, ರೋಗಿ ಯಂತ್ರದ ಬಳಿಗೆ ಬರಬೇಕೇ? ನೂರಿಪ್ಪತ್ತು ವರ್ಷಗಳಿಂದ ಈ ಪ್ರಶ್ನೆಯ ಸುತ್ತಲೇ ಇದರ ಇತಿಹಾಸ ತಿರುಗಿದೆ.

ಗಿರಣಿ ಊರಿನ ವೈದ್ಯ

ವಿದ್ಯುತ್ತಿನ ಹಂಗಿಲ್ಲದೆ, ಕೈಚೀಲದಲ್ಲಿ ಒಯ್ಯಬಹುದಾದಂಥ ಹೃದಯಲಯದ ಯಂತ್ರವೊಂದು ಇ.ಸಿ.ಜಿ.ಗಿಂತ ಮೊದಲೇ ಇದ್ದಿತೆಂದರೆ ಇಂದಿನವರಿಗೆ ಆಶ್ಚರ್ಯವಾದೀತು. ಅದನ್ನು ಬಳಕೆಗೆ ತಂದವನು ಪ್ರಾಧ್ಯಾಪಕನಲ್ಲ, ಸಾಮಾನ್ಯ ವೈದ್ಯ. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಜೇಮ್ಸ್ ಮೆಕೆಂಜಿ 1879ರಲ್ಲಿ ಇಂಗ್ಲೆಂಡಿನ ಬರ್ನ್‌ಲಿ ಎಂಬ ಹತ್ತಿಗಿರಣಿಗಳ ಊರಿಗೆ ಬಂದು ನೆಲೆಸಿದ. ಅವನ ಆರೈಕೆಯಲ್ಲಿದ್ದ ಹೃದ್ರೋಗಿ ಗರ್ಭಿಣಿಯೊಬ್ಬಳು ಹೆರಿಗೆಯ ಕಾಲಕ್ಕೆ ತೀರಿಕೊಂಡಳು. ಆಕೆಗೆ ಹೀಗಾದೀತೆಂದು ತನಗೆ ಮೊದಲೇ ತಿಳಿಯಲಿಲ್ಲವಲ್ಲ ಎಂಬ ಕೊರಗು ಅವನನ್ನು ಬಿಡಲಿಲ್ಲ. ಅಂದಿನಿಂದ ತನ್ನ ರೋಗಿಗಳ ನಾಡಿಯನ್ನು ವರ್ಷಗಟ್ಟಲೆ ಬರೆದಿಟ್ಟುಕೊಳ್ಳುವ ವ್ರತ ತೊಟ್ಟ.

ಅದಕ್ಕಾಗಿ ಅವನು ರೂಪಿಸಿದ್ದು ಪಾಲಿಗ್ರಾಫ್ ಎಂಬ ಉಪಕರಣ. ಮಣಿಕಟ್ಟಿನ ಮೇಲೊಂದು, ಕತ್ತಿನ ಅಭಿಧಮನಿಯ ಮೇಲೊಂದು ಪುಟ್ಟ ಬಟ್ಟಲು. ಅವುಗಳಿಂದ ಹೊರಟ ರಬ್ಬರು ಕೊಳವೆಗಳೊಳಗಿನ ಗಾಳಿ ಅಲುಗಿದಂತೆ ಎರಡು ಲೇಖನಿಗಳು ಅಲುಗಿ, ಗಡಿಯಾರದ ಕೀಲಿಯ ಬಲದಿಂದ ಸರಿಯುವ ಕಾಗದದ ಮೇಲೆ ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದವು. ಇದನ್ನು ಅಚ್ಚುಕಟ್ಟಾಗಿ ಕಟ್ಟಿಕೊಟ್ಟವನು ಶಾ ಎಂಬ ನೆರೆಯೂರಿನ ಗಡಿಯಾರಗಾರ. ಮೆಕೆಂಜಿ ಅದನ್ನು ಕಾರ್ಮಿಕರ ಮನೆಗಳಿಗೇ ಹೊತ್ತೊಯ್ದು ಮಂಚದ ಪಕ್ಕದಲ್ಲಿ ಇಟ್ಟು ಬರೆಯುತ್ತಿದ್ದ. ಒಂದೇ ರೋಗಿಯ ನಾಡಿ ಹತ್ತು ವರ್ಷಗಳಲ್ಲಿ ಹೇಗೆ ಬದಲಾಯಿತೆಂಬುದನ್ನು ಅವನಂತೆ ಕಂಡವರು ದೊಡ್ಡ ಆಸ್ಪತ್ರೆಗಳಲ್ಲಿ ಇರಲಿಲ್ಲ. ಅಲ್ಲಿ ರೋಗಿಗಳು ಬರುವರು, ಹೋಗುವರು. ಕೆಲವರ ನಾಡಿ ತಾಳ ತಪ್ಪಿ ಹೇಗೆಂದರೆ ಹಾಗೆ ಬಡಿಯತೊಡಗಿದಾಗ ಕತ್ತಿನ ಅಲೆಗಳಲ್ಲಿ ಒಂದು ಮಾತ್ರ ಮಾಯವಾಗುವುದನ್ನು ಅವನು ಗುರುತಿಸಿದ. ಹೃದಯದ ಮೇಲ್ಕೋಣೆಯಾದ ಹೃತ್ಕರ್ಣ ಸರಿಯಾಗಿ ಸಂಕುಚಿಸದೆ ಬರಿದೆ ನಡುಗುತ್ತಿರುವುದೇ ಇದಕ್ಕೆ ಕಾರಣವೆಂಬುದನ್ನು 1909ರಲ್ಲಿ ಅವನ ಕಿರಿಯ ಮಿತ್ರ ಥಾಮಸ್ ಲೂಯಿಸ್ ವಿದ್ಯುತ್ ಯಂತ್ರದ ಸಹಾಯದಿಂದ ತೋರಿಸಿದನು. ಇಂದಿಗೂ ಪಾರ್ಶ್ವವಾಯುವಿಗೆ ಮುಖ್ಯ ಕಾರಣಗಳಲ್ಲಿ ಒಂದಾಗಿರುವ ರೋಗವದು.

ಉಪ್ಪುನೀರಿನಲ್ಲಿ ನಿಂತ ನಾಯಿ

ಗುಂಡಿಗೆ ಬಡಿಯುವಾಗ ವಿದ್ಯುತ್ತು ಹುಟ್ಟುತ್ತದೆ. ಅತ್ಯಲ್ಪ ವಿದ್ಯುತ್ತು. ಬ್ಯಾಟರಿ ದೀಪಕ್ಕೆ ಹಾಕುವ ಒಂದು ಸೆಲ್ಲಿನ ಬಲವನ್ನು ಸಾವಿರದ ಐನೂರು ಪಾಲು ಮಾಡಿದರೆ ಅದರಲ್ಲೊಂದು ಪಾಲು, ಅಂದರೆ ಒಂದು ಮಿಲಿವೋಲ್ಟಿನ ಆಸುಪಾಸು, ಚರ್ಮದ ಮೇಲೆ ದೊರೆತೀತು. ಮನುಷ್ಯನ ಮೈಮೇಲಿಂದಲೇ ಇದನ್ನು ಹಿಡಿದು ಗುರುತಿಸಿದ ಮೊದಲಿಗ ಲಂಡನ್ನಿನ ಆಗಸ್ಟಸ್ ವಾಲರ್, ವರ್ಷ 1887. ಸಭೆಗಳಲ್ಲಿ ತೋರಿಸುವುದಕ್ಕೆ ಅವನು ತನ್ನ ಜಿಮ್ಮಿ ಎಂಬ ಬುಲ್‌ಡಾಗ್ ನಾಯಿಯನ್ನು ಕರೆತಂದು ಅದರ ಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಳಿಬಿಡುತ್ತಿದ್ದ. ಪ್ರಾಣಿಹಿಂಸೆಯಾಯಿತೆಂದು 1909ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆಯೇ ಎದ್ದಿತು. ಸಮುದ್ರದ ನೀರಿನಲ್ಲಿ ಕಾಲಾಡಿಸಿದವರಿಗೆ ಆ ನಾಯಿಯ ಅನುಭವ ಎಂಥದೆಂದು ತಿಳಿದೀತು ಎಂಬರ್ಥದ ಉತ್ತರವನ್ನು ಕೊಟ್ಟು ಗೃಹಮಂತ್ರಿ ಕೂತರಂತೆ. ತಮಾಷೆಯೆಂದರೆ, ಈ ವಿದ್ಯೆಗೆ ಆಸ್ಪತ್ರೆಗಳಲ್ಲಿ ಹೆಚ್ಚಿನ ಬಳಕೆ ದೊರೆಯಲಾರದೆಂದು ಸ್ವತಃ ವಾಲರನೇ ಬಹುಕಾಲ ನಂಬಿದ್ದ.

ನಂಬಿಕೆ ಸುಳ್ಳಾದದ್ದು ಹಾಲೆಂಡಿನ ಲೈಡನ್ನಿನಲ್ಲಿ. ಜಾವಾ ದ್ವೀಪದ ಸೆಮರಾಂಗಿನಲ್ಲಿ 1860ರಲ್ಲಿ ಹುಟ್ಟಿದ ವಿಲೆಮ್ ಐಂತೋವನ್ 1901ರಲ್ಲಿ ತನ್ನ ತಂತಿ ಗ್ಯಾಲ್ವನೋಮೀಟರನ್ನು ಪ್ರಕಟಿಸಿದ. ಕರಗಿದ ಸ್ಫಟಿಕವನ್ನು ಬಾಣದ ತುದಿಗೆ ಅಂಟಿಸಿ, ಬಿಲ್ಲಿನಿಂದ ಬಾಣ ಹೊಡೆದು, ಅದು ಹಾರಿದಷ್ಟೂ ಎಳೆದುಕೊಂಡುಹೋದ ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಎಳೆಗೆ ಬೆಳ್ಳಿಯ ಲೇಪ ಕೊಟ್ಟು ಮಾಡಿದ ತಂತಿಯದು. ಪ್ರಬಲವಾದ ವಿದ್ಯುದಯಸ್ಕಾಂತದ ನಡುವೆ ಅದನ್ನು ಬಿಗಿದಾಗ ಎದೆಯ ವಿದ್ಯುತ್ತು ಹರಿದಂತೆಲ್ಲ ಅದು ಅತ್ತಿತ್ತ ತುಯ್ಯುತ್ತಿತ್ತು. ಅದರ ನೆರಳನ್ನು ಹಿಗ್ಗಿಸಿ ಫೋಟೋ ಫಲಕದ ಮೇಲೆ ಹಿಡಿಯಲಾಗುತ್ತಿತ್ತು. ಅಲೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳು ಐಂತೋವನ್ ಇಟ್ಟವು. ಇಂದಿಗೂ ಅವೇ ನಡೆಯುತ್ತಿವೆ. 1924ರ ನೊಬೆಲ್ ಪಾರಿತೋಷಕ ಈ ಕೆಲಸಕ್ಕೆ ಸಂದಿತು.

ಯಂತ್ರದ ಗಾತ್ರವನ್ನು ಕೇಳಿದರೆ ಮಾತ್ರ ಉಸಿರು ಹಿಡಿಯುವಂತಿತ್ತು. ತೂಕ ಸುಮಾರು 270 ಕಿಲೋಗ್ರಾಂ. ಇಡಲು ಎರಡು ಕೋಣೆ. ನಡೆಸಲು ಐದು ಜನ. ಅಯಸ್ಕಾಂತ ಕಾಯದಂತೆ ಸದಾ ಹರಿಯುವ ತಣ್ಣೀರು. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತಿರಬೇಕು. ಹಾಸಿಗೆ ಹಿಡಿದವನನ್ನು ಅಲ್ಲಿಗೆ ತರುವುದೆಂತು? ಐಂತೋವನ್ ಯಂತ್ರವನ್ನು ಅಲ್ಲಾಡಿಸಲಿಲ್ಲ, ರೋಗಿಯನ್ನೂ ಅಲ್ಲಾಡಿಸಲಿಲ್ಲ. 1905ರಲ್ಲಿ ಆಸ್ಪತ್ರೆಯಿಂದ ತನ್ನ ಪ್ರಯೋಗಶಾಲೆಗೆ ಒಂದೂವರೆ ಕಿಲೋಮೀಟರು ದೂರ ತಂತಿ ಎಳೆಸಿ, ಎದೆಬಡಿತವನ್ನು ಟೆಲಿಫೋನಿನ ಮಾತಿನಂತೆ ತರಿಸಿಕೊಂಡ. ಮುಂದೆ ಬರಲಿರುವ ಕಾಲದ ದೃಷ್ಟಿಯಿಂದ ನೋಡಿದರೆ ಅವನ ಎಲ್ಲ ಸಾಹಸಗಳಲ್ಲಿ ಇದೇ ಹೆಚ್ಚಿನದೆಂದು ತೋರುತ್ತದೆ. ಆದರೆ ಆ ಎಳೆಯನ್ನು ಜಗತ್ತು ಹಿಡಿದದ್ದು ಬಹಳ ತಡವಾಗಿ.

ಅಂದು ಎಲ್ಲರೂ ಬೆನ್ನುಹತ್ತಿದ್ದು ಯಂತ್ರವನ್ನು ಕಿರಿದು ಮಾಡುವ ವಿದ್ಯೆಗೆ. ಚಾರ್ಲ್ಸ್ ಡಾರ್ವಿನ್ನನ ಮಗ ಹೊರೇಸ್ ಡಾರ್ವಿನ್ ಸ್ಥಾಪಿಸಿದ ಕೇಂಬ್ರಿಜ್ ಉಪಕರಣ ಸಂಸ್ಥೆ 1911ರ ಹೊತ್ತಿಗೆ ಅದನ್ನು ಒಂದು ದೊಡ್ಡ ಮೇಜಿನ ಅಳತೆಗೆ ಇಳಿಸಿತು. ರೇಡಿಯೋಗೆಂದು ಹುಟ್ಟಿದ ನಿರ್ವಾತ ನಳಿಕೆಗಳು ಎದೆಯ ಕ್ಷೀಣ ವಿದ್ಯುತ್ತನ್ನು ಹಿಗ್ಗಿಸಿ ಕೊಡತೊಡಗಿದ ಮೇಲೆ ಭಾರದ ಅಯಸ್ಕಾಂತ ಬೇಡವಾಯಿತು. 1928ರಲ್ಲಿ ಅಮೆರಿಕದ ಸ್ಯಾನ್‌ಬಾರ್ನ್ ಕಂಪನಿ ಸುಮಾರು 50 ಪೌಂಡು ತೂಕದ, ಮೋಟಾರು ಗಾಡಿಯ 6 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಯಂತ್ರವನ್ನು ಹೊರತಂದಿತು. ಪೆಟ್ಟಿಗೆಗೆ ಹಿಡಿಕೆ ಬಂತು. ವೈದ್ಯನ ಮೋಟಾರಿನಲ್ಲಿ ಅದಕ್ಕೊಂದು ಜಾಗವಾಯಿತು. ಈ ನಡುವೆ, 1920ರಲ್ಲಿ, ನ್ಯೂಯಾರ್ಕಿನ ಹೆರಾಲ್ಡ್ ಪಾರ್ಡೀ ಎಂಬ ವೈದ್ಯ ಹೃದಯಾಘಾತವಾದಾಗ ಗೆರೆಯ ಒಂದು ಭಾಗ ಮೇಲಕ್ಕೆ ಉಬ್ಬಿ ನಿಲ್ಲುವುದನ್ನು ತೋರಿಸಿಕೊಟ್ಟಿದ್ದ. ಅಲ್ಲಿಯವರೆಗೆ ತಾಳ ತಪ್ಪಿದ ನಾಡಿಯನ್ನು ನೋಡುವ ಕೌತುಕದ ವಸ್ತುವಾಗಿದ್ದ ಯಂತ್ರ ಇನ್ನು ಸಾವು ಬದುಕಿನ ಸಾಕ್ಷಿಯಾಯಿತು.

ಪೆಟ್ಟಿಗೆಯನ್ನು ಬೆನ್ನಿಗೇ ಕಟ್ಟಿಕೊಂಡು ನಡೆದವನೂ ಒಬ್ಬನುಂಟು. ಅಮೆರಿಕದ ಮೊಂಟಾನಾ ಪ್ರಾಂತದ ನಾರ್ಮನ್ ಹೋಲ್ಟರ್ 1940ರ ದಶಕದ ಕೊನೆಯಲ್ಲಿ ಸುಮಾರು 85 ಪೌಂಡಿನ ರೇಡಿಯೋ ಪ್ರೇಷಕವನ್ನು ಹೊತ್ತು ಸೈಕಲ್ಲು ತುಳಿಯುತ್ತ ತನ್ನ ಎದೆಬಡಿತವನ್ನು ದೂರದಿಂದ ಹಿಡಿದು ತೋರಿಸಿದ. ಆಸ್ಪತ್ರೆಯಲ್ಲಿ ಮಲಗಿದಾಗ ನೆಟ್ಟಗಿರುವ ಗುಂಡಿಗೆ ಮೆಟ್ಟಿಲು ಹತ್ತುವಾಗ, ಸಿಟ್ಟಿಗೆದ್ದಾಗ ಏನು ಮಾಡುತ್ತದೆಂದು ತಿಳಿಯುವ ಹಂಬಲ ಅವನದು. ಇಂದು 24 ತಾಸು ಕಟ್ಟಿಕೊಂಡು ತಿರುಗುವ ಕಿಸೆಗಾತ್ರದ ಯಂತ್ರಕ್ಕೆ ಅವನ ಹೆಸರೇ ಇದೆ.

ಬೀರುವಿನಿಂದ ಹೊರಬಂದ ಪೆಟ್ಟಿಗೆ

ಧಾರವಾಡ ಸೀಮೆಯಲ್ಲಿ ಒಂದು ಕಾಲಕ್ಕೆ ದೊಡ್ಡ ಕಾಯಿಲೆ ಎಂದರೆ "ಮಿರಜಕ್ಕ ಒಯ್ಯಬೇಕು" ಎಂಬ ಮಾತಿತ್ತು. 1894ರಲ್ಲಿ ಡಾ. ವಾನ್ಲೆಸ್ ಆರಂಭಿಸಿದ ಮಿರಜದ ಮಿಷನ್ ಆಸ್ಪತ್ರೆಗೆ ಈ ಕಡೆಯವರು ರೈಲಿನಲ್ಲಿ ಹೋಗುತ್ತಿದ್ದರು. ಏಕೀಕರಣವಾದ ಮರುವರ್ಷ, 1957ರಲ್ಲಿ, ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ತೆರೆಯಿತು. ಮುಂದೆ ಕಿಮ್ಸ್ ಎಂದು ಜನಜನಿತವಾದದ್ದು ಅದೇ. ಕಲಘಟಗಿಯವರ ಮಿರಜ 30 ಕಿಲೋಮೀಟರಿಗೆ ಬಂತೆನ್ನಬಹುದು.

ಅಂದಿನ ಇ.ಸಿ.ಜಿ. ಯಂತ್ರಗಳು ಪರದೇಶದಿಂದ ಬರಬೇಕಾಗಿದ್ದವು. ಪಾಲಕ್ಕಾಡಿನಲ್ಲಿ 1963ರಲ್ಲಿ ಟಿ.ಪಿ.ಜಿ. ನಂಬಿಯಾರರು ಸ್ಥಾಪಿಸಿ, ಮುಂದೆ ಬೆಂಗಳೂರನ್ನು ಮನೆ ಮಾಡಿಕೊಂಡ ಬಿ.ಪಿ.ಎಲ್. ಸಂಸ್ಥೆ 1967ರಿಂದ ಇ.ಸಿ.ಜಿ. ಯಂತ್ರಗಳ ತಯಾರಿಕೆಗೆ ಇಳಿಯಿತು. ಮನೆಮನೆಯ ಟೆಲಿವಿಷನ್ ಪೆಟ್ಟಿಗೆಯ ಮೇಲೆ ಆ ಮೂರು ಅಕ್ಷರಗಳನ್ನು ಕಂಡವರಲ್ಲಿ ಬಹಳ ಮಂದಿಗೆ, ಅದಕ್ಕಿಂತ ಎಷ್ಟೋ ಮೊದಲೇ ಅವು ವೈದ್ಯರ ಮೇಜಿನ ಮೇಲೆ ಬಂದಿದ್ದವೆಂಬುದು ತಿಳಿದಿಲ್ಲ. ಕಾರ್ಡಿಯಾರ್ಟ್ ಎಂಬ ಹೆಸರಿನ ಅವರ ಯಂತ್ರ, ಅದರಲ್ಲೂ 108ರ ಮಾದರಿ, ದೇಶದ ಸಣ್ಣ ಊರುಗಳ ದವಾಖಾನೆಗಳಲ್ಲೆಲ್ಲ ಪರಿಚಿತವಾಯಿತು. ಹಳೆಯ ವೈದ್ಯರ ಬೀರುಗಳಲ್ಲಿ, ಆಸ್ಪತ್ರೆಗಳ ಅಡಕಲು ಕೋಣೆಗಳಲ್ಲಿ ಈ ಬಗೆಯ ಪೆಟ್ಟಿಗೆಗಳು ಇಂದಿಗೂ ಸಿಕ್ಕುವುದುಂಟು.

ಆ ಕಾಲದ ಯಂತ್ರದ ಮುಚ್ಚಳ ತೆರೆದರೆ ಕಾಣುವುದಿಷ್ಟು. ಒಂದು ಕಾಗದದ ಸುರುಳಿ. ಅದರ ಮೇಲೆ ಒರಗಿದ ಕಾದ ಕಡ್ಡಿ. ತಿರುಗಿಸುವ ಒಂದು ಗುಬುಟು. ತಲೆಗೆ ಬಣ್ಣ ಹಚ್ಚಿದ ತಂತಿಗಳ ಜಡೆ. ಕಾಗದಕ್ಕೆ ಮೇಣದಂಥ ಬಿಳಿಯ ಲೇಪವಿದ್ದು, ಕಾದ ಕಡ್ಡಿ ತಾಗಿದಲ್ಲಿ ಅದು ಕರಗಿ ಒಳಗಿನ ಕಪ್ಪು ಹೊರಬೀಳುತ್ತಿತ್ತು. ಶಾಯಿ ಬೇಡ, ಫೋಟೋ ತೊಳೆಯುವ ಕತ್ತಲೆ ಕೋಣೆಯೂ ಬೇಡ. ಉಗುರು ಗೀರಿದರೂ ಗೆರೆ ಮೂಡುವ ಕಾಗದವಾದ್ದರಿಂದ ಹುಷಾರಾಗಿ ಹಿಡಿಯಬೇಕಾಗಿತ್ತು. ಸೆಕೆಂಡಿಗೆ 25 ಮಿಲಿಮೀಟರಿನಂತೆ ಕಾಗದ ಸರಿಯುತ್ತದೆ. ಸಣ್ಣ ಚೌಕವೊಂದಕ್ಕೆ ಸೆಕೆಂಡಿನ 25ನೆಯ ಒಂದು ಭಾಗ, ದೊಡ್ಡ ಚೌಕಕ್ಕೆ ಐದನೆಯ ಒಂದು ಭಾಗ. ಎರಡು ಬಡಿತಗಳ ನಡುವಿನ ದೊಡ್ಡ ಚೌಕಗಳನ್ನೆಣಿಸಿ 300ನ್ನು ಅದರಿಂದ ಭಾಗಿಸಿದರೆ ನಿಮಿಷದ ಬಡಿತ ಸಿಕ್ಕೀತು. ನಾಲ್ಕು ಚೌಕವಿದ್ದರೆ 75. ಮನೆಯಲ್ಲಿ ಇ.ಸಿ.ಜಿ. ಪಟ್ಟಿಯಿದ್ದವರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಅದಕ್ಕಿಂತ ಮುಂದಿನ ಲೆಕ್ಕವನ್ನು ವೈದ್ಯರಿಗೆ ಬಿಡುವುದು ಲೇಸು.

ಹೃದಯವನ್ನು ಹನ್ನೆರಡು ದಿಕ್ಕುಗಳಿಂದ ನೋಡುವ ಪದ್ಧತಿ 1942ರ ಹೊತ್ತಿಗೆ ಪೂರ್ಣಗೊಂಡಿತು. ಹಳೆಯ ಯಂತ್ರ ಒಂದು ಸಲಕ್ಕೆ ಒಂದೇ ದಿಕ್ಕಿನಿಂದ ನೋಡಬಲ್ಲದು. ಗುಬುಟು ತಿರುಗಿಸಿ ಒಂದು ತುಂಡು, ಮತ್ತೆ ತಿರುಗಿಸಿ ಇನ್ನೊಂದು ತುಂಡು. ಹೀಗೆ ಮಾರುದ್ದದ ಪಟ್ಟಿ ಹೊರಬರುತ್ತಿತ್ತು. ಅದನ್ನು ಕತ್ತರಿಸಿ, ಕ್ರಮ ತಪ್ಪದಂತೆ ದಪ್ಪ ಕಾಗದಕ್ಕೆ ಅಂಟಿಸಿ ಇಡಬೇಕು. ಅವಸರದಲ್ಲಿ ಎಡಗೈಯ ತಂತಿ ಬಲಗೈಗೆ ಹೋದರೆ ಗೆರೆ ತಲೆಕೆಳಗಾಗಿ ವೈದ್ಯರನ್ನೇ ದಾರಿ ತಪ್ಪಿಸೀತು. ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು ಎಂಬ ಪಾಠವನ್ನು ಆ ಕೆಲಸ ಕಲಿಯುವವರು ಮಗ್ಗಿಯಂತೆ ಬಾಯಿಪಾಠ ಮಾಡುವುದು ಈ ಕಾರಣಕ್ಕೆ.

ಇಂಥ ಪೆಟ್ಟಿಗೆಯನ್ನು ಹಳ್ಳಿಯ ಮನೆಗೆ ಒಯ್ದರೆ ಎದುರಾಗುತ್ತಿದ್ದ ತೊಡಕುಗಳು ಪಟ್ಟಣದ ಪುಸ್ತಕಗಳಲ್ಲಿ ಇರಲಿಲ್ಲ. ಮೊದಲನೆಯದು ಮನೆಯ ವಿದ್ಯುತ್ತೇ. ಗೋಡೆಯ ತಂತಿಗಳಲ್ಲಿ ಸೆಕೆಂಡಿಗೆ 50 ಸಲ ಮಿಡಿಯುವ ಕರೆಂಟು ಎದೆಯ ಕ್ಷೀಣ ವಿದ್ಯುತ್ತಿನ ಮೇಲೆ ಸವಾರಿ ಮಾಡಿ, ಗೆರೆಯನ್ನು ಗರಗಸದ ಹಲ್ಲಿನಂತೆ ಮಾಡಿಬಿಡುತ್ತದೆ. ಆಗ ಫ್ಯಾನು ಆರಿಸಬೇಕು, ಟ್ಯೂಬ್‌ಲೈಟು ಆರಿಸಬೇಕು, ಮಂಚವನ್ನು ಗೋಡೆಯಿಂದ ಈಚೆಗೆಳೆಯಬೇಕು. ಯಂತ್ರದ ಅರ್ತಿಂಗ್ ತಂತಿಯನ್ನು ನೀರಿನ ಕೊಳವೆಗೋ ಹಸಿಮಣ್ಣಿನಲ್ಲಿ ಹುಗಿದ ಕಬ್ಬಿಣದ ಸಲಾಕೆಗೋ ಬಿಗಿಯಬೇಕು. ಎರಡನೆಯದು ರೋಗಿಯ ಭಯ. ಕೈಕಾಲಿಗೆ ಪಟ್ಟಿ ಬಿಗಿದು ತಂತಿ ಸಿಕ್ಕಿಸಿದೊಡನೆ "ಶಾಕ್ ಹೊಡಿತೈತೇನ್ರಿ?" ಎಂದು ಕೇಳದವರೇ ವಿರಳ. ಯಂತ್ರ ಮೈಗೆ ಏನನ್ನೂ ಕೊಡುವುದಿಲ್ಲ, ಮೈ ಕೊಟ್ಟದ್ದನ್ನು ಬರೆದುಕೊಳ್ಳುತ್ತದೆಯಷ್ಟೇ ಎಂದು ತಿಳಿಹೇಳಬೇಕು. ಏಕೆಂದರೆ ಹೆದರಿ ನಡುಗುವವನ ತೋಳಿನ ನಡುಕವೂ ಗೆರೆಯೊಳಗೆ ನುಸುಳುತ್ತದೆ.

ಮೂರನೆಯದನ್ನು ಕುರಿತು ಮುಚ್ಚುಮರೆ ಬೇಡ. ಹನ್ನೆರಡರಲ್ಲಿ ಆರು ದಿಕ್ಕುಗಳು ಎದೆಯ ಮೇಲಿನವು. ಕೂಡುಕುಟುಂಬದ ಪಡಸಾಲೆಯಲ್ಲಿ, ಪರಪುರುಷರ ನಡುವೆ, ಹೆಣ್ಣುಮಕ್ಕಳಿಗೆ ಆ ಪರೀಕ್ಷೆ ಮಾಡಿಸುವುದೆಂದರೆ ಮನೆಯವರೇ ಹಿಂದೆ ಸರಿಯುತ್ತಾರೆ. ಇದರ ಜೊತೆಗೆ ಹೆಂಗಸರ ಹೃದಯಾಘಾತ ಎಷ್ಟೋ ಬಾರಿ ಎದೆನೋವಿನ ರೂಪದಲ್ಲಿ ಬರುವುದೇ ಇಲ್ಲ. ದವಡೆಯ ನೋವು, ಬೆನ್ನಿನ ಸೆಳೆತ, ಓಕರಿಕೆ, ಅಕಾರಣವಾದ ಆಯಾಸ. ಸಿಹಿಮೂತ್ರದ ರೋಗಿಗಳದೂ ಇದೇ ಪಾಡು. ಮನೆಗೆಲಸದ ದಣಿವು ಎಂದು ತಳ್ಳಿಹಾಕಿದ ಆಯಾಸದ ಹಿಂದೆ ಏನಿತ್ತೆಂಬುದು ಗೊತ್ತಾಗುವಷ್ಟರಲ್ಲಿ ಬಹಳ ತಡವಾದ ಮನೆಗಳುಂಟು. ಪೆಟ್ಟಿಗೆ ಊರಿಗೆ ಬಂದರೂ ಅಡಿಗೆಮನೆಯವರೆಗೆ ಬರಲಿಲ್ಲವೆಂಬ ದೂರು ಸುಳ್ಳಲ್ಲ.

ಓದುವವರು ಯಾರು?

ಇಷ್ಟೆಲ್ಲ ಆದಮೇಲೂ ಒಂದು ಕೊರತೆ ಉಳಿದೇ ಇತ್ತು. ಯಂತ್ರ ಹಗುರಾಯಿತು, ಗೆರೆ ಬಂತು, ಗೆರೆಯನ್ನು ಓದುವವರು ಹಳ್ಳಿಯಲ್ಲಿರಲಿಲ್ಲ. ದಿನಕ್ಕೆ ನೂರು ಜ್ವರದ, ಹತ್ತು ಗಾಯದ ರೋಗಿಗಳನ್ನು ನೋಡುವ ಸಾಮಾನ್ಯ ವೈದ್ಯರಿಗೆ ಸಂಶಯದ ಗೆರೆಯೊಂದು ಎದುರಾದರೆ ಕೇಳಲು ಪಕ್ಕದಲ್ಲಿ ಮತ್ತೊಬ್ಬರಿಲ್ಲ. ಆಗ ಉಳಿಯುವ ದಾರಿ ಎರಡು: ಧೈರ್ಯ ಮಾಡಿ ಮನೆಗೆ ಕಳಿಸುವುದು, ಇಲ್ಲವೆ ಪ್ರತಿಯೊಬ್ಬರನ್ನೂ ದೊಡ್ಡ ಊರಿಗೆ ಅಟ್ಟುವುದು. ಒಂದರಲ್ಲಿ ಪ್ರಾಣ ಹೋದೀತು, ಇನ್ನೊಂದರಲ್ಲಿ ಬಡವನ ಎತ್ತು ಮಾರಿಹೋದೀತು.

ಇಲ್ಲಿ ಐಂತೋವನ್ನನ ಒಂದೂವರೆ ಕಿಲೋಮೀಟರಿನ ತಂತಿ ನೆನಪಿಗೆ ಬರುತ್ತದೆ. ಅದೇ ಉಪಾಯ ಕರ್ನಾಟಕಕ್ಕೆ ಆಕಾಶಮಾರ್ಗದಲ್ಲಿ ಬಂತು. 2002ರಲ್ಲಿ ಇಸ್ರೋ ಸಂಸ್ಥೆಯ ಉಪಗ್ರಹ ಸಂಪರ್ಕದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ, ಮೈಸೂರು ಜಿಲ್ಲೆಯ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಲಾಯಿತು. ಕಾಡಂಚಿನ ಸರಗೂರಿನಲ್ಲಿ ಬರೆದ ಗೆರೆಯನ್ನು ಬೆಂಗಳೂರಿನ ತಜ್ಞರು ಕುಳಿತಲ್ಲೇ ನೋಡುವಂತಾಯಿತು. ಉಪಗ್ರಹವೆಂದರೆ ದೊಡ್ಡ ವೆಚ್ಚದ ಮಾತು. ಹೋಬಳಿ ಹೋಬಳಿಗೂ ಅದು ಸಾಧ್ಯವಿರಲಿಲ್ಲ.

ಅದನ್ನು ಸುಲಭಸಾಧ್ಯ ಮಾಡಿದ್ದು ಎಲ್ಲರ ಅಂಗಿ ಕಿಸೆಯೊಳಗಿನ ಮೊಬೈಲು. ಮಂಗಳೂರಿನ ಕೆ.ಎಂ.ಸಿ.ಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು 2018ರಲ್ಲಿ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಎಂಬ ಕೆಲಸಕ್ಕೆ ಕೈಹಾಕಿದರು. ಅವರು ಮಾಡಿದ್ದು ಸರಳ. ಸಣ್ಣ ಇ.ಸಿ.ಜಿ. ಯಂತ್ರಗಳನ್ನು ಕರಾವಳಿ ಮಲೆನಾಡುಗಳ ಹಳ್ಳಿಯ ದವಾಖಾನೆಗಳಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಉಚಿತವಾಗಿ ಕೊಟ್ಟು, ಅಲ್ಲಿನ ವೈದ್ಯರನ್ನೂ ಹೃದ್ರೋಗ ತಜ್ಞರನ್ನೂ ಒಂದೇ ವಾಟ್ಸಾಪ್ ಬಳಗದಲ್ಲಿ ಸೇರಿಸಿದರು. ಗೆರೆಯ ಚಿತ್ರ ತೆಗೆದು ಹಾಕಿದರೆ ನಿಮಿಷಗಳಲ್ಲಿ ಉತ್ತರ. ಮನೆಮಂದಿಯೆಲ್ಲ ಬೆಳಗಿನ ಶುಭಾಶಯ ಕಳಿಸಲು ಬಳಸುವ ಸಾಧನವನ್ನೇ ಪ್ರಾಣ ಉಳಿಸಲು ಬಳಸಿದ್ದು ಎಷ್ಟು ಅಗ್ಗದ ಉಪಾಯ, ಎಷ್ಟು ದೊಡ್ಡ ಫಲ! ಯಂತ್ರವನ್ನು ದಾನ ಕೊಟ್ಟು ಫೋಟೋ ತೆಗೆಸಿಕೊಂಡು ಹೋಗುವವರು ಬಹಳ. ಯಂತ್ರದ ಜೊತೆಗೆ ಅದನ್ನು ಓದುವ ಕಣ್ಣನ್ನೂ ಕೊಡುವವರು ಕಡಿಮೆ.

ನಟ ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು ತಮ್ಮ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಕನ್ನಡನಾಡಿನ ಮನೆಮನೆಯಲ್ಲೂ ಎದೆಯ ಮೇಲೆ ಕೈಯಿಟ್ಟುಕೊಂಡವರಿದ್ದರು. ಅವರ ಹೆಸರಿನಲ್ಲಿ 2023ರಲ್ಲಿ ರಾಜ್ಯ ಸರ್ಕಾರ ಹೃದಯಜ್ಯೋತಿ ಯೋಜನೆಯನ್ನು ಘೋಷಿಸಿತು. ಅದರ ಕ್ರಮ ಹೀಗೆ: ತಾಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆಯುವುದು, ಕೃತಕ ಬುದ್ಧಿಮತ್ತೆಯ ಗಣಕಯಂತ್ರವೂ ದೂರದ ತಜ್ಞರೂ ಅದನ್ನು ಕೂಡಲೇ ಪರೀಕ್ಷಿಸುವುದು, ಆಘಾತವೆಂದು ಖಚಿತವಾದರೆ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ, ಹಣವಿಲ್ಲದೆ, ಕೊಡುವುದು, ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸುವುದು. ಪೇಟೆಯಲ್ಲಿ ಹತ್ತಾರು ಸಾವಿರ ರೂಪಾಯಿ ಬೆಲೆಬಾಳುವ ಮದ್ದು ಅದು. ಈ ಲೆಕ್ಕದಲ್ಲಿ 30 ಕಿಲೋಮೀಟರಿನ ದಾರಿಯನ್ನು ಕ್ರಮಿಸಬೇಕಾದದ್ದು ಚಿಕಿತ್ಸೆಗೆ ಮೊದಲಲ್ಲ, ಚಿಕಿತ್ಸೆಯಾದ ನಂತರ. ಎದೆ ಹಿಡಿದುಕೊಂಡವನ ಪಾಲಿಗೆ ಆ ವ್ಯತ್ಯಾಸವೇ ಎಲ್ಲ. ಆದರೆ ಇವೆಲ್ಲ ಕೂಡಿಬರಬೇಕಾದರೆ ರೋಗಿ ತಾಲೂಕು ಆಸ್ಪತ್ರೆಯ ಬಾಗಿಲಿಗಾದರೂ ಬರಬೇಕು. ಓಮದ ನೀರು ಕುಡಿದು ಬೆಳಗಿಗಾಗಿ ಕಾದರೆ ಗಣಕಯಂತ್ರವೇನು ಮಾಡೀತು?

ಯಂತ್ರದ ಮಿತಿಯೊಂದನ್ನೂ ಹೇಳಿಬಿಡಬೇಕು. ಗೆರೆ ಸರಿಯಾಗಿದೆ ಎಂದ ಮಾತ್ರಕ್ಕೆ ಗುಂಡಿಗೆ ಸರಿಯಾಗಿದೆ ಎಂದಲ್ಲ. ಆಘಾತದ ಮೊದಲ ಗಳಿಗೆಯಲ್ಲಿ ಗೆರೆ ಎಷ್ಟೋ ಸಲ ನಿರ್ದೋಷಿಯಂತೆ ಕಾಣುತ್ತದೆ; ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆದಾಗ ನಿಜ ಹೊರಬೀಳುತ್ತದೆ. ನೋವು ನಿಲ್ಲದಿದ್ದರೆ ಮತ್ತೊಮ್ಮೆ, ಮಗದೊಮ್ಮೆ ತೆಗೆಯುವುದು ವೈದ್ಯರ ರೂಢಿ. "ಒಮ್ಮಿ ತೆಗಸೀವಿ, ನಾರ್ಮಲ್ ಅಂದಾರ" ಎಂದು ಎದ್ದುಹೋಗುವ ಮನೆಯವರೊಂದಿಗೆ ಅವರು ಜಗಳಾಡುವುದು ದುಡ್ಡಿನಾಸೆಗಲ್ಲ.

ಇಂದಿನ ಇ.ಸಿ.ಜಿ. ಪೆಟ್ಟಿಗೆ ಊಟದ ಡಬ್ಬಿಗಿಂತ ದೊಡ್ಡದಿಲ್ಲ. ಹನ್ನೆರಡು ದಿಕ್ಕಿನ ಗೆರೆಯನ್ನು ಹತ್ತು ಸೆಕೆಂಡಿನಲ್ಲಿ ಬರೆದು ಮುಗಿಸುತ್ತದೆ. ಆದರೆ ಇದರ ಕಾಗದಕ್ಕೆ ಹಳೆಯದರ ಗಟ್ಟಿತನವಿಲ್ಲ. ಬಿಸಿಲಿಗೆ, ಸೆಕೆಗೆ, ಪ್ಲಾಸ್ಟಿಕ್ ಚೀಲದ ಸಹವಾಸಕ್ಕೆ ಕೆಲವೇ ವರ್ಷಗಳಲ್ಲಿ ಗೆರೆ ಮಾಸಿ ಬರಿಯ ಗುಲಾಬಿ ಚೌಕಗಳು ಉಳಿಯುತ್ತವೆ. ತಿಳಿದವರು ತೆಗೆಸಿದ ದಿನವೇ ಅದರ ಝೆರಾಕ್ಸ್ ಮಾಡಿಸಿ, ಪಹಣಿ ಪತ್ರ, ಬ್ಯಾಂಕಿನ ಪಾಸ್‌ಬುಕ್ಕುಗಳೊಂದಿಗೆ ಟ್ರಂಕಿನಲ್ಲಿಡುತ್ತಾರೆ. ಅದಕ್ಕೆ ಕಾರಣವಿದೆ. ಒಬ್ಬೊಬ್ಬರ ಗುಂಡಿಗೆಯ ಕೈಬರಹ ಒಂದೊಂದು ಬಗೆ. ಕೆಲವರಿಗೆ ಹುಟ್ಟಿನಿಂದಲೋ ಹಳೆಯ ಕಾಯಿಲೆಯಿಂದಲೋ ಗೆರೆ ಸ್ವಲ್ಪ ಸೊಟ್ಟಗಿರುತ್ತದೆ. ಆ ಸೊಟ್ಟು ನಿನ್ನೆಯದೋ ಹತ್ತು ವರ್ಷದ ಹಿಂದಿನದೋ ಎಂಬುದನ್ನು ಹೊಸ ಯಂತ್ರ ಹೇಳಲಾರದು. ಆದ್ದರಿಂದಲೇ ನಡುರಾತ್ರಿ ಎದೆನೋವಿನವರನ್ನು ಕರೆತಂದ ಮನೆಯವರಿಗೆ ವೈದ್ಯರು, ಹೊಸ ಪಟ್ಟಿಯನ್ನು ಬೆಳಕಿಗೆ ಹಿಡಿಯುತ್ತಲೇ, ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಹಿಂದ ತೆಗಸಿದ್ದು ಏನರೆ ಐತೇನ್ರಿ ಮನ್ಯಾಗ?"